ದೋರಿಯ ಆಚೆ ತುದಿ

ಎರಡೆಕರೆ ಹೊಲಕ್ಕೆ ಮುಳ್ಳುತಂತಿ ಬೇಲಿ ಹಾಕಿಸಲು ನನಗೆ ಬಿದ್ದದ್ದು ಎಂಬತ್ತೈದು ಸಾವಿರ ರೂಪಾಯಿ ಮತ್ತು ಮೂರು ಅಡಿ ಭೂಮಿ. ರೂಪಾಯಿ ಹೋದದ್ದು ಹಂದಿಗಳಿಂದ. ಸುತ್ತಲಿನ ಕಬ್ಬಿನಲ್ಲಿ ಅಡಗಿದ್ದು, ಗೋವಿನಜೋಳ ತೆನೆಗಟ್ಟಿದ ಕೂಡಲೇ ನುಗ್ಗಿ ಬೆಳೆ ಮಲಗಿಸುತ್ತಿದ್ದವು. ಭೂಮಿ ಹೋದದ್ದು ಒಬ್ಬ ಮುದುಕಿಯಿಂದ.

ತಂತಿಯ ದರ ರಾಯಬಾಗದಲ್ಲಿ ಕೇಳಿ, ಚಿಕ್ಕೋಡಿಯಲ್ಲಿ ಕೇಳಿ, ಕೊನೆಗೆ ನಿಪ್ಪಾಣಿಯಲ್ಲಿ ಕೊಂಡೆ. ಅಂಗಡಿಯವನು, "ಕಾಕಾ, ಇನ್ನ ಇಳಿಸಿದ್ರ ನಿಮ್ಮ ಹೊಲಾ ಕಾಯಾಕ ನಾನ ಬರಬೇಕಾಗ್ತೈತಿ" ಎಂದ. ಬಸ್ ಚಾರ್ಜು ಕಳೆದೂ ಲಾಭವೇ ಆಯಿತು.

ನಮ್ಮ ಕಡೆ ಮೊದಲ ಕುಣಿ ತೋಡುವ ಮುನ್ನ ಬದುವಿನ ಆಚೆಯವರನ್ನು ಕರೆಯುತ್ತೇವೆ. ಗೆರೆ ಹಿಡಿಯುವ ಹಗ್ಗ, ಅದೇ ದೋರಿ, ಅದರ ಒಂದು ತುದಿ ನಮ್ಮ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಅವರು ಹಿಡಿದು ನಿಂತರೆ ಆ ಗೆರೆಗೆ ಒಪ್ಪಿದಂತೆ. ನನ್ನ ಬದುವಿನ ಆಚೆ ಕುರಿ ಸಾಕುವ ಮನೆತನ. ಆ ಮನೆಯ ಹಿರಿಯಳು ಬಂದಳು, ದೋರಿ ಹಿಡಿದಳು. ಆದರೆ ಬದುವಿನಾಚೆ ಅಂಚಿನ ಹದ್ದಿನ ಕಲ್ಲಿನ ಹತ್ತಿರವಲ್ಲ. ಬದು ದಾಟಿ ನನ್ನ ಹೊಲದೊಳಗೆ ಬಂದು ನಿಂತಳು.

"ಆಯಿ, ಕಲ್ಲ ಅಲ್ಲೈತಿ. ಹಿಂಗ ಬಂದ್ರ ಅಡಗಿಮನಿಗೇ ಬರ್ತೀ ನೋಡು."

"ಚಾ ಮಾಡ್ತಿದ್ರ ಬರ್ತೀನಿ. ಬದು ನಿಂದ ಖರೆ ತಮ್ಮಾ. ನಮ್ಮತ್ತಿ ಕಾಲದಿಂದ ಕುರಿ ಇದರ ಮ್ಯಾಲೇ ಹೊಳಿಗೆ ನೀರಿಗೆ ಹೋಗ್ತಾವ. ನೀ ಮುಳ್ಳ ಹಾಕಿದ್ರ ಡಾಂಬರ ರಸ್ತೆ ಹಿಡೀಬೇಕು. ಕಬ್ಬಿನ ಟ್ರ್ಯಾಕ್ಟರ್ ಕುರಿ ನೋಡಿ ನಿಲ್ಲಂಗಿಲ್ಲ."

ಹಳೆಯ ದಾರಿ ಮುಚ್ಚಿದರೆ ನಾಳೆ ತಕರಾರು ಬರುತ್ತದೆ ಎಂಬುದು ನನಗೂ ಗೊತ್ತಿತ್ತು. ಹಾಗೆಂದು ಅವಳು ನಿಂತಲ್ಲೇ ಒಪ್ಪುವುದೇ? ದೋರಿ ಎಳೆದೆ. ಅವಳು ಬದುವಿನ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು, ದೋರಿ ಬಿಡಲಿಲ್ಲ.

"ಬರೇ ದಾರಿ ಕೊಟ್ರ ನನಗೇನ ಬಂತು?"

"ಏನ ಬೇಕ ಹೇಳು."

"ಸುಗ್ಗಿ ಮುಗದ ಮ್ಯಾಲ ನಿನ್ನ ಕುರಿ ನನ್ನ ಹೊಲದಾಗ ನಿಲ್ಲಬೇಕು. ನಾಲ್ಕ ರಾತ್ರಿ. ಗೊಬ್ಬರ ನಂದು."

"ಒಂದ."

ಎರಡಕ್ಕೆ ಇತ್ಯರ್ಥವಾಯಿತು. ಅಷ್ಟರಲ್ಲಿ ಅವಳ ಪಾದ ಬದುವಿನ ನನ್ನ ಕಡೆಯ ಅಂಚಿಗೆ ಬಂದಿತ್ತು: ಕಲ್ಲಿನಿಂದ ಮೂರು ಅಡಿ, ಬದು ಪೂರ್ತಿ ಬೇಲಿಯ ಹೊರಗೆ. ದೋರಿ ಬಿಡುವ ಮೊದಲು ಅವಳು ಇನ್ನೊಂದು ಮಾತು ತೆಗೆದಳು.

"ಈ ಕಡೆ ಕೆಳಗಿನ ತಂತಿ ಮುಳ್ಳಿಂದ ಬ್ಯಾಡ. ಕುರಿ ಕೆಚ್ಚಲ ಹರೀತೈತಿ."

"ಮತ್ತ ಹಂದಿಗೆ ನಾ ಏನ ಆರತಿ ಹಿಡಿದ ನಿಲ್ಲಲೇನ?"

"ಒಳಗಿಂದ ಕತ್ತಾಳಿ ಹಚ್ಚು. ನಮ್ಮ ಹೊಲದಾಗ ಬೇಕಾದಷ್ಟೈತಿ, ಕಿತ್ಕೊಂಡ ಹೋಗು."

ಕತ್ತಾಳಿಗೆ ಕಾಸು ಬೀಳಲಿಲ್ಲ. ಮುಂದಿನ ಹಂಗಾಮಿನಲ್ಲಿ ಹಂದಿ ಬೇಲಿ ಮುಟ್ಟಿ ತಿರುಗಿ ಹೋದವು. ಕುರಿ ಬಂದದ್ದು ಎರಡು ರಾತ್ರಿಗೆ, ನಿಂತದ್ದು ಮೂರು. ಹೆಚ್ಚಿನ ರಾತ್ರಿಯ ಮಾತು ನಾನಂತೂ ಎತ್ತಲಿಲ್ಲ. ಈಗ ಆ ಬದುವಿನ ಪಕ್ಕದ ಸಾಲುಗಳೇ ಎಲ್ಲಕ್ಕಿಂತ ಎತ್ತರ ನಿಂತಿವೆ.

ನೀವು ಬೇಲಿ ಹಾಕುವವರಿದ್ದರೆ ಮೊದಲು ಸರ್ವೆಯವರಿಂದ ಮೋಜಣಿ ಮಾಡಿಸಿ, ಹದ್ದಿನ ಕಲ್ಲು ಕಣ್ಣಿಗೆ ಕಾಣುವಂತಿರಲಿ. ಮೂಲೆಯ ಕಂಬಕ್ಕೆ ಎರಡೂ ಕಡೆ ಆಸರೆ ಕೊಡಿ, ಇಲ್ಲವಾದರೆ ತಂತಿ ಬಿಗಿದ ದಿನವೇ ವಾಲುತ್ತದೆ. ತಂತಿಗೆ ಮನೆಯ ಕರೆಂಟು ಹಾಯಿಸುವ ಯೋಚನೆ ಬೇಡವೇ ಬೇಡ. ಹಂದಿಗಿಂತ ಮೊದಲು ಮನುಷ್ಯ ಸಿಗುತ್ತಾನೆ. ಇನ್ನು ದೋರಿಯ ಆಚೆ ತುದಿಯನ್ನು ಗೂಟಕ್ಕೆ ಕಟ್ಟಬೇಡಿ, ಮಗ್ಗುಲ ಹೊಲದವರ ಕೈಗೆ ಕೊಡಿ. ಗೂಟದ ಜೊತೆ ಚೌಕಾಸಿ ಮಾಡಲು ಬರುವುದಿಲ್ಲ.