ಎರಡು ಕಲ್ಲು, ಒಂದು ಬೆಂಚು

ಮಾರುಕಟ್ಟೆಯ ಹಿಂಬಾಗಿಲ ಹತ್ತಿರ, ನೀರಿನ ನಲ್ಲಿಯ ಪಕ್ಕದಲ್ಲಿ ಕೂತು ಚಾಕು, ಕತ್ತಿಗಳಿಗೆ ಸಾಣೆ ಹಿಡಿಯುವವಳನ್ನು ಎಲ್ಲರೂ ಸಾಣೆಯಕ್ಕ ಅನ್ನುತ್ತಿದ್ದರು. ಕಾಲಲ್ಲಿ ತುಳಿದರೆ ತಿರುಗುವ ಚಕ್ರ, ಅದಕ್ಕೆ ಬದಲಿಸಿ ಹಾಕಲು ಎರಡು ಕಲ್ಲು. ನುಣುಪಾದ ಬಿಳಿಕಲ್ಲು ತರಕಾರಿ ಸಾಲಿನವರಿಗೆ. ಒರಟು ಕರಿಕಲ್ಲು, ತಿರುಗಿದರೆ ಕಿವಿ ಹರಿಯುವಂತೆ ಕಿರುಚುವಂಥದ್ದು, ಮಾಂಸದ ಸಾಲಿನವರಿಗೆ. ಈ ಪದ್ಧತಿ ಅವಳ ಗಂಡನ ಕಾಲದ್ದು. "ಕಬ್ಬಿಣಕ್ಕೆ ಯಾವ ಮಡಿ?" ಎಂದು ಕ್ಷೌರದಂಗಡಿಯವನು ಅಣಕಿಸುತ್ತಿದ್ದ. ಅವನಿಗೆ ದೇವರೂ ಇಲ್ಲ, ದಿಂಡರೂ ಇಲ್ಲ. ಆದರೂ ತನ್ನ ಕತ್ತರಿಯನ್ನು ಮಾತ್ರ ಬಿಳಿಕಲ್ಲಿಗೇ ಕೊಡುತ್ತಿದ್ದ.

ಗಂಡ ಬಾಯಿಲ್ಲದ ಮನುಷ್ಯ. ಒಂದು ಮಧ್ಯಾಹ್ನ ದಿನಸಿ ಅಂಗಡಿಯ ಯಜಮಾನ, ಅವನೇ ಮಾರುಕಟ್ಟೆ ಸಂಘದ ಅಧ್ಯಕ್ಷ, ತನ್ನ ತಕ್ಕಡಿಯ ಹಿತ್ತಾಳೆ ಬಟ್ಟುಗಳನ್ನು ಇವನೇ ಕದ್ದನೆಂದು ನಲ್ಲಿಯ ಮುಂದೆ, ಎಲ್ಲರ ಎದುರಿಗೆ, ಕಪಾಳಕ್ಕೆ ಬಾರಿಸಿದ. ವಾರದೊಳಗೆ ಬಟ್ಟುಗಳು ಅವನದೇ ಅಂಗಡಿಯ ಮೂಟೆಗಳ ಸಂದಿಯಲ್ಲಿ ಸಿಕ್ಕವು. ಅದು ಕೂಲಿಗಳ ಬಾಯಿಂದ ಗೊತ್ತಾಯಿತೇ ಹೊರತು ಆ ಮಹಾಶಯ ತುಟಿ ಬಿಚ್ಚಲಿಲ್ಲ. ಗಂಡ ಮತ್ತೆ ಮಾರುಕಟ್ಟೆಗೆ ಕಾಲಿಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಹಾಗೇ ಹೋದ. "ಕಳ್ಳ ಅಂದ್ಬಿಟ್ರಲ್ಲೇ" ಅಂದದ್ದೇ ಕೊನೆಯ ಮಾತು.

ಸಾಣೆಯಕ್ಕ ಚಕ್ರದ ಮುಂದೆ ತಾನೇ ಕೂತಳು. ಆ ಯಜಮಾನ ಇದೇ ನಲ್ಲಿಯ ಮುಂದೆ, ನಾಲ್ಕು ಜನರ ಎದುರಿಗೆ ತಪ್ಪಾಯಿತು ಅನ್ನಬೇಕು. ಅವಳಿಗೆ ಬೇಕಾದ್ದು ಅಷ್ಟೇ. ಬೇರೆಯವರು ಕತ್ತಿ ಮಸೆಯುವುದು ಬರೀ ಮಾತಿಗೆ. ಇವಳಿಗೆ ಅದು ಕಸುಬು.

ಕುರ್ಚಿಯ ಮೇಲಿರುವವನು ಯಾರ ಮುಂದೆ ತಲೆ ತಗ್ಗಿಸಿಯಾನು? ಮೊದಲು ಇಳಿಸಬೇಕು. ಚುನಾವಣೆ ಬಂತೆಂದರೆ ಅವನು ತರಕಾರಿ ಸಾಲಿಗೆ ಹೋಗಿ, "ನಾನಿಲ್ದಿದ್ರೆ ನಿಮ್ಮ ಬುಟ್ಟಿ ಪಕ್ಕದಲ್ಲೇ ಮಾಂಸ ನೇತುಹಾಕ್ತಾರೆ" ಅನ್ನುತ್ತಿದ್ದ. ಮಾಂಸದ ಸಾಲಿಗೆ ಹೋಗಿ, "ನಾನಿಲ್ದಿದ್ರೆ ನಿಮ್ಮನ್ನ ಎತ್ತಂಗಡಿ ಮಾಡಿಸ್ತಾರೆ" ಅನ್ನುತ್ತಿದ್ದ. ಇಬ್ಬರ ಜಗಳ ಮೂರನೆಯವನಿಗೆ ಲಾಭ. ನಡುವಿನ ಮೋರಿ ಮಾತ್ರ ಎರಡೂ ಕಡೆಗೆ ಭೇದವಿಲ್ಲದೆ ನಾರುತ್ತಿತ್ತು.

ಸಾಣೆಯಕ್ಕ ಕಾಯುವವರಿಗೆಂದು ಒಂದು ಬೆಂಚು ಹಾಕಿಸಿದಳು. ಒಂದೇ ಒಂದು. ಕಲ್ಲು ಬದಲಿಸಲು ಹೊತ್ತು ಹಿಡಿಯುತ್ತದೆಂಬ ನೆಪದಲ್ಲಿ ತರಕಾರಿ ದೊಡ್ಡಮ್ಮನನ್ನೂ ಮಾಂಸದಂಗಡಿ ಅಣ್ಣನನ್ನೂ ಒಟ್ಟಿಗೆ ಕಾಯಿಸಿದಳು. ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ತುದಿಗೆ ಸರಿಯುತ್ತಿದ್ದಳು.

"ಇನ್ನೂ ಸರಿದ್ರೆ ಬೀಳ್ತೀರ ದೊಡ್ಡಮ್ಮಾ" ಎಂದ ಅಣ್ಣ.

"ಬಿದ್ರೆ ನೀನೇನೂ ಎತ್ತೋಕೆ ಬರ್ಬೇಡ."

ಇಬ್ಬರ ನಡುವೆ ಕ್ಷೌರದಂಗಡಿಯವನು ಬಂದು ಕೂತು, ದೇವರೇ ಇಲ್ಲದ ಮೇಲೆ ಈ ಜಗಳ ಯಾಕೆ ಎಂದು ಶುರು ಮಾಡಿದರೆ ಇಬ್ಬರೂ ಒಂದಾಗಿ ಅವನ ಮೇಲೆ ಬೀಳುತ್ತಿದ್ದರು. ಸಾಣೆಯಕ್ಕ ಬಿಡಿಸುತ್ತಿದ್ದಳು. "ದೇವ್ರ ವಿಷ್ಯ ಆಮೇಲೆ ನೋಡೋಣ. ಮೋರಿ ಇದ್ಯೋ ಇಲ್ವೋ?"

"ಮೋರಿ ಇದೆ" ಎಂದು ನಾಸ್ತಿಕನೂ ಒಪ್ಪಿಕೊಂಡ.

ಅಲ್ಲಿಂದ ಮಾತು ಬೆಳೆಯಿತು. ಯಾರೂ ಯಾರ ಮನೆಯಲ್ಲೂ ಉಣ್ಣಬೇಕಿಲ್ಲ, ಯಾರ ನಂಬಿಕೆಯನ್ನೂ ಬೆಂಚಿನ ಮೇಲೆ ಆಡಿಕೊಳ್ಳಬಾರದು, ಎಲ್ಲರೂ ಸೇರಿ ಮೋರಿ ಕಟ್ಟಿಸಬೇಕು. ಆದರೆ ದಿನಸಿ ಸಾಲು ಕೂಡಿಕೊಳ್ಳದೆ ಗೆಲುವಿರಲಿಲ್ಲ. ಆ ಸಾಲಿನವರು ಬಂದರು, ಷರತ್ತು ಹೊತ್ತು. ತಮ್ಮ ಯಜಮಾನ ಕುರ್ಚಿ ಬಿಟ್ಟರೂ ಸಮಿತಿಯಲ್ಲಿರಬೇಕು. ಅವನಿಂದ ತಪ್ಪೊಪ್ಪಿಗೆ ಯಾರೂ ಕೇಳಬಾರದು.

ಸಾಣೆಯಕ್ಕನ ಮೈ ಉರಿದುಹೋಯಿತು. "ನನ್ನ ಗಂಡನ ಮಾನ ಮಾರಿ ಮೋರಿ ಕಟ್ಟಿಸ್ಬೇಕಾ?"

"ನಾನು ಇವನ ಪಕ್ಕ ಕೂತಿಲ್ವೇನೇ? ಆ ವಾಸನೆ ತಡ್ಕೊಂಡಿಲ್ವಾ?" ಎಂದಳು ದೊಡ್ಡಮ್ಮ.

ಅಣ್ಣ ನೆಲ ನೋಡುತ್ತ ಹೇಳಿದ, "ಇವರು ಮೂಗು ಮುಚ್ಚಿದ್ದನ್ನ ನಾನು ದಿನಾ ನುಂಗಿಲ್ವಾ ಅಕ್ಕಾ?"

ಸಾಣೆಯಕ್ಕ ಬೆಂಚಿನ ಕಡೆ ನೋಡಿದಳು. ಇವರನ್ನು ಕೂರಿಸಿದವಳು ತಾನೇ. ತನ್ನ ಸರದಿ ಬಂದಾಗ ಏಳುವುದು ಹೇಗೆ? "ಆಯ್ತು. ಬಾಯಿ ಬಿಟ್ಟು ಕೇಳಲ್ಲ" ಎಂದು ಮಾತು ಕೊಟ್ಟಳು. ಆದರೆ ಸೇಡನ್ನು ಅವಳು ಬಿಡಲಿಲ್ಲ. ಅದು ಎದೆಯಲ್ಲಿ ಕೆಂಡದಂತೆ ಇದ್ದೇ ಇತ್ತು.

ಗೆದ್ದರು. ದೊಡ್ಡಮ್ಮ ಅಧ್ಯಕ್ಷೆಯಾದಳು, ಅಣ್ಣ ಕಾರ್ಯದರ್ಶಿ. ಮೋರಿಯ ಕೆಲಸ ಮೇಲಿನಿಂದ ಶುರುವಾಗಿ ಇಳಿಯುತ್ತ ಬಂತು. ದಿನಸಿ ಸಾಲು ಕೊನೆಯದು. ಸಾಣೆಯಕ್ಕ ಬೇಕೆಂದೇ ತಡೆಸಿದ್ದಾಳೆಂದು ಆ ಸಾಲಿನವರಿಗೆ ಅನುಮಾನ. ತಾವು ಮಾಡುತ್ತಿದ್ದುದನ್ನೇ ಊರೆಲ್ಲ ಮಾಡುತ್ತದೆಂದು ನಂಬುವ ಜನ! "ಹೋಗಿ ಒಂದು ಮಾತು ಆಡಿ ಬನ್ನಿ" ಎಂದು ಯಜಮಾನನನ್ನು ಅವರೇ ದಬ್ಬಿದರು.

ಅವನು ಮೂಟೆ ಕೊಯ್ಯುವ ಚಾಕು ಹಿಡಿದು ಬಂದ. ಬೆಂಚು ತುಂಬಿತ್ತು. ದೊಡ್ಡಮ್ಮನಿಗೂ ಅಣ್ಣನಿಗೂ ನಡುವೆ ಇದ್ದ ಗೇಣು ಜಾಗದಲ್ಲಿ ಮುದುರಿ ಕೂತು ಸರದಿ ಕಾದ. ಸರದಿ ಬಂದಾಗ ಬಗ್ಗಿ, ಅವಳ ಕಿವಿಗಷ್ಟೇ ಬೀಳುವಂತೆ ಅಂದ, "ಅವತ್ತಿನದು... ತಪ್ಪಾಯ್ತಮ್ಮ."

ಮೂಟೆ ಕೊಯ್ಯುವ ಚಾಕುವಿಗೆ ಯಾವ ಕಲ್ಲಾದರೂ ನಡೆಯುತ್ತದೆ. ಅವಳು ಕರಿಕಲ್ಲು ಹಾಕಿ ತುಳಿದಳು. ಕಲ್ಲು ಕಿರುಚಿತು.

"ಏನು? ಕಲ್ಲಿನ ಸದ್ದಿಗೆ ಕೇಳಿಸ್ತಿಲ್ಲ."

"ತಪ್ಪಾಯ್ತು ಅಂದೆ!"

ಅವಳು ಇನ್ನೂ ಜೋರಾಗಿ ತುಳಿದಳು. ಅವನ ದನಿಯೂ ಏರಿತು, ಕತ್ತಿನ ನರ ಉಬ್ಬಿತು. ಕೊನೆಗೆ ಗಂಟಲು ಹರಿಯುವಂತೆ ಕೂಗಿದ, "ನಿನ್ನ ಗಂಡ ಕಳ್ಳ ಅಲ್ಲ! ಬಟ್ಟು ನನ್ನಂಗಡೀಲೇ ಇತ್ತು!"

ಅಷ್ಟರಲ್ಲಿ ಅವಳು ಕಾಲು ತೆಗೆದಿದ್ದಳು. ನಿಂತ ಚಕ್ರದ ಮೌನದಲ್ಲಿ ಆ ಮಾತು ಎರಡೂ ಸಾಲಿನ ತುದಿಯವರೆಗೆ ಹೋಯಿತು. ನಲ್ಲಿಯ ಕೆಳಗಿನ ಕೊಡ ತುಂಬಿ ಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಸಾಣೆಯಕ್ಕ ದೊಡ್ಡಮ್ಮನ ಕಡೆ ತಿರುಗಿದಳು. "ನಾನೇನಾದ್ರೂ ಕೇಳಿದ್ನಾ?"

"ಇಲ್ಲಮ್ಮ, ನೀನೆಲ್ಲಿ ಕೇಳ್ದೆ" ಎಂದು ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಯಜಮಾನನ ಮುಖದಲ್ಲಿ ರಕ್ತವಿರಲಿಲ್ಲ. "ಕ್ಷಮಿಸಿದ್ಯೇನಮ್ಮಾ?"

ಅವಳು ಅಲಗನ್ನು ಉಗುರಿನ ಮೇಲೆ ಆಡಿಸಿ ನೋಡಿ, ಒರೆಸಿ, ಹಿಡಿಯನ್ನು ಅವನ ಕಡೆ ಮಾಡಿ ಕೊಟ್ಟಳು.

"ಕ್ಷಮಿಸ್ಬೇಕಾದವರು ಗೋಡೆ ಕಡೆ ಮುಖ ಮಾಡ್ಕೊಂಡು ಹೋದ್ರು. ಮೋರಿ ನಾಳಿದ್ದು ನಿಮ್ಮ ಸಾಲಿಗೆ ಬರುತ್ತೆ. ಮುಂದಿನವರು ಯಾರು, ಬನ್ನಿ."