ಹೇಮಾವತಿ ಒಡ್ಡದ ಸೆರಗು

ನಮ್ಮ ಮನೆಯವರಿಗೆ ಸಿನಿಮಾದ ಹುಚ್ಚು. ಎಲ್ಲರಿಗೂ ಇರುವಂಥ ಹುಚ್ಚಲ್ಲ. ಹಾಡಿಲ್ಲದ, ಹೊಡೆದಾಟವಿಲ್ಲದ, ಯುರೋಪಿನ ಚಳಿ ದೇಶಗಳ ಸಿನಿಮಾ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಈ ಮನುಷ್ಯ ತಿಂಗಳಿಗೊಂದು ಭಾನುವಾರ ನಮ್ಮ ಚನ್ನಗಿರಿಯ ಮನೆಯ ಪಡಸಾಲೆಯಲ್ಲಿ ಪರದೆಗೆಂದು ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ತನ್ನಂಥವರನ್ನೇ ಗುಡ್ಡೆ ಹಾಕಿಕೊಳ್ಳುತ್ತಾರೆ. ಸಿನಿಮಾ ಮುಗಿದ ಮೇಲೆ ಅದಕ್ಕಿಂತ ಉದ್ದದ ಚರ್ಚೆ. ನಾನು ಅಡುಗೆಮನೆಯಿಂದಲೇ ಕೈ ಮುಗಿದವಳು. ಬಂದವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಕೊಡುವುದು ಹೇಮಾವತಿಯ ಪಾಲಿನ ಕೆಲಸ.

ಹೇಮಾವತಿ ನಮ್ಮ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಮಾರಿ ಬದುಕುವವಳು. ಮೊದಲು ನ್ಯಾಮತಿಯ ಗೊಬ್ಬರದಂಗಡಿ ಮುರುಗೇಶಪ್ಪನ ಹೆಂಡತಿಯಾಗಿದ್ದಳು. ಅವನೇ ಇಷ್ಟಪಟ್ಟು ಬಂದವನು. ಇವಳ ತವರು ಕೆರೆಬಿಳಚಿಗೆ ಬೈಕಿನಲ್ಲಿ ಬಂದು, ಕೆಲಸವಿಲ್ಲದಿದ್ದರೂ ಕಟ್ಟೆಯ ಮೇಲೆ ಕೂರುತ್ತಿದ್ದನಂತೆ. ಈ ಹುಡುಗಿಯನ್ನು ತಂದರೆ ಸರಿ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ತಾಯಿ ಕೊಟ್ರಮ್ಮನ ಮುಂದೆ ಉಪವಾಸ ಬಿದ್ದಿದ್ದನಂತೆ. ಅದನ್ನು ಹೇಳುವಾಗ ಹೇಮಾವತಿಯ ಮುಖದಲ್ಲಿ ಈಗಲೂ ಸಣ್ಣ ನಗು ಬರುತ್ತದೆ, ನನಗೆ ಅದನ್ನು ನೋಡಿದರೆ ಮೈ ಉರಿಯುತ್ತದೆ.

ಮಕ್ಕಳಾಗಲಿಲ್ಲ. ಇವಳನ್ನು ದಾವಣಗೆರೆ, ಶಿವಮೊಗ್ಗ ಎಂದು ಡಾಕ್ಟರ ಹತ್ತಿರ ಎಳೆದಾಡಿದರು. ಇವಳಲ್ಲಿ ದೋಷವಿಲ್ಲ, ಯಜಮಾನರನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಗಂಡಸಿಗೆ ಎಂಥ ಟೆಸ್ಟು ಎಂದು ಅವನು ಕಾರು ತಿರುಗಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು. ಹೊನ್ನಾಳಿ ಕೋರ್ಟಿನಲ್ಲಿ ಇಬ್ಬರೂ ಒಪ್ಪಿಯೇ ಬಿಟ್ಟುಕೊಂಡರು ಎಂದು ಕಾಗದವಾಯಿತು. ಒಪ್ಪದೆ ಇವಳು ಎಲ್ಲಿಗೆ ಹೋಗಬೇಕಿತ್ತು? ಅವನು ಜಗಳೂರು ಕಡೆಯ ಸುಚಿತ್ರಾ ಎಂಬ ಹುಡುಗಿಯನ್ನು ಮದುವೆಯಾದ. ಅಂದಿನಿಂದ ತವರಿನಲ್ಲೂ ಹೇಮಾವತಿಗೆ ಯಾರೂ ಉಡಿ ತುಂಬಲಿಲ್ಲ. ತಮ್ಮನ ಹೆಂಡತಿಯ ಸೀಮಂತದಲ್ಲಿ ಸಾಲಾಗಿ ಕೂತವರಿಗೆಲ್ಲ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕುತ್ತ ಬಂದವರು ಇವಳನ್ನು ದಾಟಿಕೊಂಡು ಮುಂದೆ ಹೋದರು. ಗಂಡ ಬದುಕಿದ್ದಾನೆ, ಆದರೆ ಇವಳಿಗಲ್ಲ. ಇಂಥವಳನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದು ನಮ್ಮ ಜನಕ್ಕೆ ಗೊತ್ತಿಲ್ಲ.

ಒಂದು ಭಾನುವಾರ ಮಂಡಕ್ಕಿ ತಟ್ಟೆ ಇಟ್ಟು ಹೊರಟವಳು ಗೋಡೆಗೊರಗಿ ನಿಂತೇಬಿಟ್ಟಳು. ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಕಥೆ ಇಷ್ಟೇ. ಒಬ್ಬ ಪ್ರೀತಿಸಿ ಮದುವೆಯಾದವಳಿಗೆ ವಿಚ್ಛೇದನ ಕೊಟ್ಟು ಇನ್ನೊಬ್ಬಳ ಜೊತೆ ಹೋಗುತ್ತಾನೆ. ಕಾಲ ಕಳೆದ ಮೇಲೆ ಹೊಸ ಹೆಂಡತಿ ಆಸ್ಪತ್ರೆ ಸೇರುತ್ತಾಳೆ. ಇದು ತನ್ನ ಪಾಪದ ಫಲ ಎಂದು ಹೆದರಿ ಅವನು ಹಳೆಯ ಹೆಂಡತಿಯ ಬಾಗಿಲಿಗೆ ಬರುತ್ತಾನೆ, ಕ್ಷಮಿಸಿದೆ ಎಂದು ಒಂದು ಮಾತು ಹೇಳು ಎಂದು ಬೇಡುತ್ತಾನೆ. ಅವಳು ಒಳಗೆ ಕರೆಯುತ್ತಾಳೆ, ಬಿಸಿ ಸೂಪು ಬಡಿಸುತ್ತಾಳೆ, ಕೋಟು ಒಣಗಿಸಿ ಕೊಡುತ್ತಾಳೆ. ಆ ಮಾತೊಂದನ್ನು ಮಾತ್ರ ಕೊಡುವುದಿಲ್ಲ. ಅದೇ ಅವಳ ಸೇಡು.

ದೀಪ ಹಾಕಿದ ಮೇಲೆ ನಮ್ಮವರು ಹಿಮದ ಸಂಕೇತ, ಸೂಪಿನ ಸಂಕೇತ ಎಂದು ಶುರುಮಾಡಿದರು. ಹೇಮಾವತಿ ನಡುವೆ ಬಾಯಿ ಹಾಕಿದಳು.

“ಚೊಲೋ ಮಾಡಿದ್ಲು ಬಿಡ್ರಿ ಸಾರ್. ಎಲ್ಲಾನೂ ಅವ್ರೇ ತಗೊಂಡು ಹೋದ್ಮೇಲೆ ಒಂದು ಮಾತಾದ್ರೂ ನಮ್ಮತ್ರ ಉಳೀಬೇಕು.”

ಚರ್ಚೆ ಅಲ್ಲಿಗೇ ನಿಂತಿತು. ಅವತ್ತು ನಾನು ಒಳಗೊಳಗೇ ಚಪ್ಪಾಳೆ ಹೊಡೆದೆ.

ಆ ಮಾತು ಅಷ್ಟು ಬೇಗ ಅವಳ ಬಾಗಿಲಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಮುಂಗಾರು ಶುರುವಾಗುವ ಹೊತ್ತಿಗೆ ಒಂದು ಬಿಳಿ ಕಾರು ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಕೊಟ್ರಮ್ಮ ಇಳಿದಳು, ಹಿಂದೆ ಸುಚಿತ್ರಾ, ಕೈಯಲ್ಲಿ ಉಡಿಯ ಸಾಮಾನಿನ ತಟ್ಟೆ. ಮುರುಗೇಶಪ್ಪ ಮಾತ್ರ ಸ್ಟೇರಿಂಗ್ ಹಿಡಿದುಕೊಂಡು ಕಾರಿನಲ್ಲೇ ಕೂತ. ಸುಚಿತ್ರಾಗೂ ಮಕ್ಕಳಾಗಿರಲಿಲ್ಲ. ಈ ಸಲವೂ ಯಾರೂ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ, ದೇವರ ಹೇಳಿಕೆ ಕೇಳಲು ಹೋದರು. ಮೊದಲ ಹೆಂಡತಿಯ ಕಣ್ಣೀರು ತಟ್ಟಿದೆ ಎಂದು ಹೇಳಿಕೆಯಾಯಿತು. ಗರ್ಭದ ದೋಷವೂ ಹೆಂಗಸಿನದೇ, ಶಾಪದ ದೋಷವೂ ಹೆಂಗಸಿನದೇ. ಅವನು ಎಲ್ಲದರಿಂದಲೂ ಪಾರು.

“ನೋಡವ್ವ ಹೇಮಾವತಿ, ಹಳೇದೆಲ್ಲ ಮರೆತುಬಿಡು,” ಎಂದಳು ಕೊಟ್ರಮ್ಮ. “ಸೆರಗು ಒಡ್ಡು, ಉಡಿ ತುಂಬಿ ಹೋಗ್ತೀವಿ. ನನ್ ಮನಸ್ನಾಗೆ ಏನೂ ಇಲ್ಲ ಅಂತ ಒಂದು ಮಾತು ಅಂದುಬಿಡು, ಸಾಕು.”

ಹೇಮಾವತಿ ಚಾಪೆ ಹಾಕಿದಳು. ಚಹಾ ಮಾಡಿದಳು, ಹಳೆಯ ಅತ್ತೆಗೆ ಸಕ್ಕರೆ ಕಡಿಮೆ ಎಂಬುದನ್ನೂ ಮರೆತಿರಲಿಲ್ಲ. ಕಾರಿನಲ್ಲಿ ಕೂತವನಿಗೂ ಒಂದು ಲೋಟ ಕಳಿಸಿದಳು. ನನಗೆ ಕೂಡಲೇ ಆ ಸೂಪಿನ ತಟ್ಟೆ ನೆನಪಾಯಿತು.

ಖಾಲಿ ಲೋಟ ತೊಳೆಯುವ ನೆವದಲ್ಲಿ ಸುಚಿತ್ರಾ ಹೇಮಾವತಿಯ ಹಿಂದೆಯೇ ಹಿತ್ತಲ ನಲ್ಲಿಯ ಹತ್ತಿರ ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಹೇಮಾವತಿಯ ಕೈ ಹಿಡಿದುಕೊಂಡಳು. ನಾನು ಅಲ್ಲೇ ಬಟ್ಟೆ ಹಿಂಡುತ್ತಿದ್ದೆ.

“ಅಕ್ಕಾ, ನೀವು ಒಡ್ಲಿಲ್ಲಾಂದ್ರೆ ನನ್ನೂ ಕಳಿಸ್ತಾರ್ರೀ. ಅವ್ರಿಗೋಸ್ಕರ ಬ್ಯಾಡ, ನನಗೋಸ್ಕರ ಒಡ್ರಿ.”

“ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ ತಂಗಿ,” ಎಂದಳು ಹೇಮಾವತಿ. ಅಷ್ಟರಲ್ಲಿ ಒಳಗಿನಿಂದ ಕೊಟ್ರಮ್ಮನ ದನಿ ಬಂತು: “ಬೇಗ ಆಗ್ಲಿ, ಅಂಗಡಿ ಬಾಗ್ಲು ತೆಗೀಬೇಕು ಅವ್ನು.” ಹೇಮಾವತಿಯ ಮುಖ ಕಲ್ಲಾಯಿತು. ಒಳಗೆ ಹೋಗಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ನಿಂತಳು.

“ಖಾಲಿ ಉಡಿ ನಂಗೆ ರೂಢಿ ಆಗೈತೆ. ತಗೊಂಡು ಹೋಗ್ರಿ.”

ಕೊಟ್ರಮ್ಮ ಬೈದಳು, ಆಮೇಲೆ ಅತ್ತಳು. ಹೇಮಾವತಿ ಕದಲಲಿಲ್ಲ. ಕಾರು ಹೋದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಹಲವು ವರ್ಷಗಳ ಮೇಲೆ ಅವಳು ತಲೆಯೆತ್ತಿ ನಡೆದಳು. ರೊಟ್ಟಿ ಬಡಿಯುವ ಸದ್ದೂ ಜೋರಾಯಿತು. ಸೇಡಿನ ರುಚಿ ಚೆನ್ನಾಗಿಯೇ ಇರುತ್ತದೆ, ಇಲ್ಲವೆಂದು ಯಾಕೆ ಸುಳ್ಳು ಹೇಳಲಿ?

ಮರು ವರ್ಷ ಸುದ್ದಿ ಬಂತು. ಅದೇ ಹೊನ್ನಾಳಿ ಕೋರ್ಟು, ಅದೇ ವಕೀಲರು, ಸುಚಿತ್ರಾಳದೂ ಒಪ್ಪಿಗೆಯ ವಿಚ್ಛೇದನ. ದೊಡ್ಡವಳು ಉಡಿ ತಿರಸ್ಕರಿಸಿದ ಮೇಲೆ ಈ ಹುಡುಗಿಯ ಹೊಟ್ಟೆ ತುಂಬುವುದುಂಟೇ ಎಂದು ಕೊಟ್ರಮ್ಮ ನ್ಯಾಮತಿಯಲ್ಲೆಲ್ಲ ಹೇಳಿಕೊಂಡು ಬಂದಳಂತೆ. ಮುರುಗೇಶಪ್ಪನಿಗೆ ಮೂರನೆಯ ಹೆಣ್ಣು ನೋಡುತ್ತಿದ್ದರು.

ಹೇಮಾವತಿ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಬೆಳಗ್ಗೆ ನಮ್ಮವರ ಮುಂದೆ ಬಂದು ನಿಂತಳು.

“ಸಾರ್, ಆ ಸಿನಿಮಾದಾಗೆ ಆಸ್ಪತ್ರೇಲಿ ಇದ್ಲಲ್ಲ, ಆ ಎರಡನೇ ಹೆಂಡ್ತಿ. ಅವಳು ಆಮ್ಯಾಲೆ ಏನಾದ್ಲು?”

ನಮ್ಮವರಿಗೆ ನೆನಪಿಗೆ ಬರಲಿಲ್ಲ. ಸಿನಿಮಾ ಮತ್ತೆ ಹಾಕಿದರು. ಅವಳಿದ್ದದ್ದು ಒಂದೇ ದೃಶ್ಯದಲ್ಲಿ: ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಾಳೆ, ನರ್ಸು ಬಂದು ಹೊದಿಕೆ ಸರಿಮಾಡುತ್ತಾಳೆ. ಅಷ್ಟೇ.

“ಒಂದು ಮಾತೂ ಇಲ್ವಾ ಅವಳಿಗೆ?”

“ಅದು ಅವಳ ಕಥೆ ಅಲ್ಲಮ್ಮ,” ಎಂದರು ನಮ್ಮ ಪಂಡಿತರು. ನನಗೆ ಬಂದ ಸಿಟ್ಟಿಗೆ ಆ ಪಂಚೆಯನ್ನು ಹರಿದು ನೆಲ ಒರೆಸಬೇಕೆನ್ನಿಸಿತು.

ಆ ವಾರವೇ ಹೇಮಾವತಿ ತಾನಾಗಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಒಂದು ಹಸಿರು ಕುಪ್ಪಸದ ಬಟ್ಟೆ ಕಟ್ಟಿಕೊಂಡಳು. ಜೊತೆಗೆ ನಾನೂ ಹೊರಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು, ಅಲ್ಲಿಂದ ಆಟೋದಲ್ಲಿ ಹಳ್ಳಿ. ಸುಚಿತ್ರಾ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದಳು. ನಮ್ಮನ್ನು ಕಂಡು ಬೆಚ್ಚಲಿಲ್ಲ, ಜಗಳ ತೆಗೆಯಲೂ ಇಲ್ಲ. ನೀರು ಕೊಟ್ಟಳು, ಚಹಾ ಕೊಟ್ಟಳು, ಊಟ ಮಾಡಿಕೊಂಡೇ ಹೋಗಬೇಕೆಂದಳು. ಅವಳ ಮರ್ಯಾದೆ ಹೆಚ್ಚಿದಂತೆ ನನ್ನ ಎದೆ ಕುಸಿಯುತ್ತ ಹೋಯಿತು.

ಹೇಮಾವತಿ ಗಂಟು ಬಿಚ್ಚಿದಳು. “ತಪ್ಪು ನಂದು ತಂಗಿ. ಸೆರಗು ಒಡ್ಡು.”

ಸುಚಿತ್ರಾ ಗಂಟನ್ನು ಮತ್ತೆ ಕಟ್ಟಿ ಹೇಮಾವತಿಯ ಮಡಿಲಲ್ಲೇ ಇಟ್ಟಳು.

“ಖಾಲಿ ಉಡಿ ನಂಗೂ ರೂಢಿ ಆಗೈತ್ರಿ ಅಕ್ಕಾ. ತಗೊಂಡು ಹೋಗ್ರಿ.”

ಬಸ್ಸಿನಲ್ಲಿ ಹೇಮಾವತಿ ಗಂಟನ್ನೇ ಹಿಡಿದು ಕೂತಿದ್ದಳು. “ನಾನು ಸಿನಿಮಾ ನೋಡಿ ಕಲ್ತೆ, ಅವಳು ನನ್ನ ನೋಡಿ ಕಲ್ತಳು,” ಎಂದಳು.

ಕಳೆದ ತಿಂಗಳು ಆ ಬಿಳಿ ಕಾರು ಮತ್ತೆ ಬಂತು. ಕೊಟ್ರಮ್ಮನ ಹಿಂದೆ ಈ ಸಲ ಮೇಘಶ್ರೀ ಎಂಬ ಹೊಸ ಸೊಸೆ, ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಹಿಂದಿನಂತೆ ಆಗಬಾರದೆಂದು ಮುದುಕಿ ಮದುವೆಯ ಬೆನ್ನಿಗೇ ಉಡಿ ಹೊತ್ತು ತಂದಿದ್ದಳು. ಇಲ್ಲಿಂದ ನೇರ ಜಗಳೂರಿಗಂತೆ, ಅಲ್ಲಿನವಳಿಗೂ ಒಂದು ತಟ್ಟೆ ಡಿಕ್ಕಿಯಲ್ಲಿತ್ತು.

ನಾನು ಬಾಗಿಲಲ್ಲೇ ನಿಂತು ಜಗಳ ತೆಗೆಯುವವಳಿದ್ದೆ. ಹೇಮಾವತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಆ ಹುಡುಗಿಯ ಮುಖವನ್ನೇ ನೋಡಿದಳು. ಆಮೇಲೆ ಸೊಂಟದಿಂದ ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಕೊಟ್ರಮ್ಮ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು. ಹೇಮಾವತಿ ಬೀದಿಗೆ ಕೇಳುವಂತೆ ಹೇಳಿದಳು:

“ನನ್ ಮನಸ್ನಾಗೆ ಏನೂ ಇಲ್ಲ.”

ಹುಡುಗಿ ಕಾಲಿಗೆ ಬಿದ್ದಳು. ಹೇಮಾವತಿ ಒಂದು ಕೈಯಲ್ಲಿ ಅವಳನ್ನು ಎಬ್ಬಿಸಿದಳು. ತುಂಬಿದ ಸೆರಗು ಹಿಡಿದುಕೊಂಡೇ ಒಳಗೆ ಬಂದು ನನ್ನ ಕಿವಿಯಲ್ಲಿ ಅಂದಳು: “ಸುಳ್ಳು ಹೇಳ್ದೆ ಅಕ್ಕಾ. ಇವಳಾದ್ರೂ ಉಳೀಲಿ ಅಂತ.”

ಹೊರಗೆ ಕಾರಿನಲ್ಲಿ ಕೂತಿದ್ದ ಮುರುಗೇಶಪ್ಪ, ಹೊತ್ತಾಯಿತೆಂದು ಹಾರ್ನ್ ಹೊಡೆದ.