ಐಸ್ ಪ್ಲಾಂಟಿನಲ್ಲಿ ಕಿವಿಯಿಟ್ಟ ಪೆಟ್ಟಿಗೆ

ಆಗ ನನಗೆ ಅರವತ್ತೇಳು. ಎಂಟು ವರ್ಷದ ಹಿಂದಿನ ಮಾತು. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟುಗಳು ಇನ್ನೇನು ಕಡಲಿಗೆ ಇಳಿಯಬೇಕು ಅನ್ನುವಾಗ, ನನ್ನ ಮೊಮ್ಮಗಳು ಪ್ರತಿಮಾ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದು ತನ್ನ ಅಪ್ಪನ ಜೀವವನ್ನು ಅದರ ಕೈಗೆ ಕೊಟ್ಟಳು.

ಹಾಗಂತ ಅವಳು ಹೇಳಲಿಲ್ಲ. ಅವಳು ಹೇಳಿದ್ದು ಇಷ್ಟೇ: "ಅಜ್ಜಿ, ಇದ್ ಕಂಪ್ಯೂಟರ್."

ತಿರುಗಿಸಿ ಮುರುಗಿಸಿ ನೋಡಿದೆ. ಟಿವಿಯಂಥ ಪರದೆಯಿಲ್ಲ. ಒತ್ತುವ ಗುಂಡಿಯಿಲ್ಲ. ಗೋಡೆಗೆ ಸಿಕ್ಕಿಸುವ ವಯರ್ ಕೂಡ ಇಲ್ಲ. ಒಳಗೆ ಕೈಗಡಿಯಾರಕ್ಕೆ ಹಾಕುವಂಥ ಒಂದು ಬಿಲ್ಲೆ ಬ್ಯಾಟರಿ, ಒಂದು ಪುಟ್ಟ ಮೈಕು, ಕೂಗಲಿಕ್ಕೆ ಒಂದು ಬಝರ್.

"ಇದೆಂತ ಕಂಪ್ಯೂಟರಾ? ಇಲಿ ಬೋನೂ ಇದ್ಕಿಂತ ದೊಡ್ಡದ್ ಇರತ್ತ್" ಅಂದೆ.

ಪ್ರತಿಮಾ ನನ್ನ ಮಗ ನಾಗೇಶನ ಮಗಳು. ಇಂಜಿನಿಯರಿಂಗ್ ಓದುತ್ತಿದ್ದಳು, ಕೊನೇ ವರ್ಷದ ಪ್ರಾಜೆಕ್ಟ್ ಅದು. ನಾಗೇಶ ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ ಆಪರೇಟರ್. ನೀರನ್ನು ಐಸ್ ಮಾಡುವುದು ಅಮೋನಿಯ ಅಂತೊಂದು ಗ್ಯಾಸು. ಅದು ಪೈಪಿನೊಳಗೆ ಸುತ್ತುತ್ತಿದ್ದರೆ ನಮಗೆ ಅನ್ನ. ಹೊರಗೆ ಬಂದರೆ ಕಣ್ಣು ಹೋಗುತ್ತದೆ, ಉಸಿರು ನಿಲ್ಲುತ್ತದೆ. ಕರೆಂಟ್ ಹೋದರೆ ಮಿಷನ್ ನಿಲ್ಲುತ್ತದೆ, ಗ್ಯಾಸ್ ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಇರುತ್ತದೆ. ಅದಕ್ಕೇ ಈ ಪೆಟ್ಟಿಗೆ ಬ್ಯಾಟರಿಯಲ್ಲಿ ಓಡುವುದು.

ನಾನು ಯಡ್ತರೆ ಕಡೆ ಮೀನು ಮಾರುವವಳು. ಬಸ್ಸು ಹತ್ತುವ ಮೊದಲು ಬುಟ್ಟಿಗೆ ಪುಡಿ ಐಸು ಬೇಕಲ್ಲ, ದಿನಾ ಬೆಳಿಗ್ಗೆ ಅದೇ ಪ್ಲಾಂಟಿಗೆ ಹೋಗುತ್ತಿದ್ದೆ. (ಪಕ್ಕದ ಪ್ಲಾಂಟಿನ ಐಸೂ ಅಷ್ಟೇ ತಣ್ಣಗಿರುತ್ತದೆ. ಮಗ ಉಸಿರಾಡುತ್ತಿದ್ದಾನಾ ಅಂತ ಕಾಣಲಿಕ್ಕೆ ಹೋಗುತ್ತಿದ್ದೆ. ಅವನಿಗೆ ಇವತ್ತಿಗೂ ಹೇಳಿಲ್ಲ.)

"ಕಂಪ್ಯೂಟರ್ ಬೇಕಾರೆ ದೊಡ್ಡದೇ ತಕಂಬಾ, ಇದೆಂತಕೆ?" ಅಂತ ಕೇಳಿದೆ.

ಅವಳು ಕೂರಿಸಿಕೊಂಡು ಹೇಳಿದಳು. ಕಂಪ್ಯೂಟರಿನ ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸ್ವಿಚ್ಚುಗಳಂತೆ, ಲೆಕ್ಕವಿಲ್ಲದಷ್ಟು. ವರ್ಷ ವರ್ಷ ಅದನ್ನು ಇನ್ನೂ ಸಣ್ಣ ಮಾಡುತ್ತಾ ಬಂದರಂತೆ. ಸಣ್ಣ ಆದ ಹಾಗೆ ವೇಗ ಜಾಸ್ತಿ, ಕರೆಂಟು ಕಡಿಮೆ. ಈಗ ಆ ಆಟ ಮುಗಿಯುತ್ತಾ ಬಂತಂತೆ. ತೀರಾ ಸಣ್ಣ ಮಾಡಿದರೆ ಸ್ವಿಚ್ ಆಫ್ ಮಾಡಿದರೂ ಕರೆಂಟ್ ಸೋರುತ್ತದೆ, ಚಿಪ್ಪು ಬಿಸಿಯಾಗುತ್ತದೆ. ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಟ ಕಟ್ಟಡಗಳನ್ನು ತಣ್ಣಗಿಡಲಿಕ್ಕೇ ಒಂದು ಊರಿನ ಕರೆಂಟು ಬೇಕಂತೆ.

"ಅದಕ್ಕೇ ಬೇರೆ ದಾರಿ ಹುಡುಕ್ತಿದ್ದೊ. ಮನ್ಷ್ಯನ ತಲೆ ಕಾಣ್, ಒಂದ್ ಸಣ್ಣ ಬಲ್ಬಿನಷ್ಟ್ ಕರೆಂಟಂಗೆ ಓಡತ್ತ್. ಕೂಡಿಸಿ ಕಳೆದು ಲೆಕ್ಕ ಮಾಡುದಿಲ್ಲೆ. ಕೇಳಿ ಕೇಳಿ ಅಂದಾಜ್ ಕಲಿತ್. ಇದೂ ಹಾಂಗೇ."

"ನಿನ್ನ ಅಪ್ಪಂದ್ ಝೀರೋ ಬಲ್ಬ್" ಅಂದೆ. ನಾಗೇಶ ಅಲ್ಲೇ ಇದ್ದ, ನಕ್ಕ. ನಾನು ನಗಲಿಲ್ಲ.

ಅಂದಾಜು ಅನ್ನುವ ಮಾತೇ ನನಗೆ ಸೇರಲಿಲ್ಲ. ಮೀನಿನ ಪಾಲು ಹಾಕುವಾಗ ಅಂದಾಜು ಸರಿ. ಒಂದು ಬಂಗುಡೆ ಹೆಚ್ಚು ಹೋದರೆ ಏನಾಯಿತು? ನನ್ನ ಮಗನ ಪ್ರಾಣದ ವಿಷಯದಲ್ಲಿ ಅಂದಾಜೇ?

ಪೆಟ್ಟಿಗೆಯನ್ನು ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರಿನ ಮಗ್ಗುಲಿಗೆ ಕಟ್ಟಿದರು. ಒಂದು ವಾರ ಅದು ಸುಮ್ಮನೆ ಕೂತು ಕೇಳಿಸಿಕೊಂಡಿತು. ಇದೇ ಸರಿಯಾದ ಸದ್ದು ಅಂತ ಕಲಿಯಿತು. ಸದ್ದು ಬೇರೆಯಾದರೆ ಕೂಗಬೇಕು, ಅದೇ ಅದರ ಕೆಲಸ. ಆಮೇಲೆ ಪರೀಕ್ಷೆ. ನಾಗೇಶ ಸ್ಪ್ಯಾನರ್ ತೆಗೆದು ಪೈಪಿಗೆ ಒಂದು ಬಾರಿಸಿದ. ಪೆಟ್ಟಿಗೆ ಕೀ ಅಂತ ಕೂಗಿತು. ಎಲ್ಲರೂ ಚಪ್ಪಾಳೆ. ಮಾಲಕರು ಕೋಲ್ಡ್ ಡ್ರಿಂಕ್ಸ್ ತರಿಸಿದರು.

ಸೀಸನ್ ಶುರುವಾಯಿತು. ನನ್ನ ಹೆದರಿಕೆಯೂ ಶುರುವಾಯಿತು.

ಯಾಕೆ ಅಂತೀರಾ? ಮೊದಲೆಲ್ಲ ಮಿಷನ್ ಕೋಣೆಯಲ್ಲಿ ಯಾವಾಗಲೂ ಒಬ್ಬ ಇರುತ್ತಿದ್ದ. ಕಂಪ್ರೆಸರಿನ ಮೈಮೇಲೆ ಅಂಗೈ ಇಡುತ್ತಿದ್ದರು. ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ, ಹಿಡಿ ಕಿವಿಗೆ. ಡಾಕ್ಟರರು ಎದೆ ನೋಡಿದ ಹಾಗೆ. ಪೆಟ್ಟಿಗೆ ಬಂದ ಮೇಲೆ ಸ್ಕ್ರೂಡ್ರೈವರ್ ಮೊಳೆಗೆ ನೇತುಬಿತ್ತು. ಗಂಡಸರು ಹೊರಗೆ ಬಂದು ಕೂತರು. ಚಾ, ಬೀಡಿ, ಮೊಬೈಲು.

"ಒಳ್ಗ್ ಯಾರೂ ಇಲ್ಯನಾ?" ಅಂತ ಕೇಳಿದರೆ ನಾಗೇಶ, "ಕೂಗ್ಲಿಲ್ಲ ಅಲ್ದಾ ಅಬ್ಬಿ? ಸಮ ಇತ್ತ್ ಅಂದೇಳಿ ಲೆಕ್ಕ" ಅನ್ನುತ್ತಿದ್ದ.

ಅದೇ ನನಗೆ ಹೆದರಿಕೆ. ಕೂಗುವುದನ್ನು ನಂಬಬಹುದು. ಸುಮ್ಮನಿರುವುದನ್ನು ಹೇಗೆ ನಂಬುವುದು? ಎಲ್ಲ ಸರಿಯಿದ್ದರೂ ಸುಮ್ಮನೆ, ಸತ್ತರೂ ಸುಮ್ಮನೆ. ಮೊಮ್ಮಗಳಿಗೆ ಹೇಳಿದರೆ, "ಬ್ಯಾಟರಿ ಮುಗಿವ ಮೊದ್ಲೇ ಕೂಗತ್ತ್ ಅಜ್ಜಿ, ಅದ್ನೂ ಮಾಡಿದ್ದೆ" ಅಂದಳು. ಎಲ್ಲ ಯೋಚನೆ ಮಾಡಿದ್ದಳು ಪಾಪ. ನಾನು ಮಾತ್ರ ದಿನಾ ಬೆಳಿಗ್ಗೆ ಪ್ಲಾಂಟಿಗೆ ಹೋಗುವುದು ಬಿಡಲಿಲ್ಲ.

ಚೌತಿ ಕಳೆದು ಕೆಲವು ದಿನ ಆಗಿತ್ತು. ಪ್ರತಿಮಾ ರಜೆಗೆ ಬಂದವಳು ಪೆಟ್ಟಿಗೆ ನೋಡಲಿಕ್ಕೆ ನನ್ನ ಜೊತೆ ಪ್ಲಾಂಟಿಗೆ ಬಂದಳು. ನಾನು ಬಾಗಿಲಲ್ಲಿ ಬುಟ್ಟಿಗೆ ಐಸ್ ತುಂಬಿಸುತ್ತಿದ್ದೆ. ಮೂಗಿಗೆ ಸೂಜಿ ಚುಚ್ಚಿದ ಹಾಗಾಯಿತು.

"ಗ್ಯಾಸ್! ಗ್ಯಾಸ್!" ಅಂತ ಯಾರೋ ಕೂಗಿದರು. ಯಾರೋ. ಪೆಟ್ಟಿಗೆ ಅಲ್ಲ.

ನಾಗೇಶನ ಕೈಯಲ್ಲಿ ಚಾದ ಗ್ಲಾಸಿತ್ತು. ಇಟ್ಟ. ಹೆಗಲ ಮೇಲಿನ ಬೈರಾಸನ್ನು ನೀರಿಗೆ ಅದ್ದಿ ಮುಖಕ್ಕೆ ಸುತ್ತಿದ. ವಾಲ್ವ್ ಬಂದ್ ಮಾಡಬೇಕಲ್ಲ, ಅದು ಇರುವುದು ಒಳಗೆ. ಹೋದ.

ನಾನು ಬಾಗಿಲನ್ನೇ ನೋಡಿದೆ. ಪ್ರತಿಮಾ ಪಕ್ಕದಲ್ಲಿ ನನ್ನ ಸೆರಗು ಹಿಡಿದುಕೊಂಡು, "ಕೂಗ್, ಕೂಗಾ" ಅಂತ ಪೆಟ್ಟಿಗೆಯನ್ನು ಬೇಡಿಕೊಳ್ಳುತ್ತಿದ್ದಳು. ಈಗ ಕೂಗಿ ಎಂತ ಮಾಡುವುದು?

ಅವನು ಬಂದ. ಗೋಡೆ ಹಿಡಿದುಕೊಂಡು ಬಂದ. ಕಣ್ಣು ಕೆಂಡ. ನೆಲದ ಮೇಲೆ ಕೂತು ಕಾರಿದ. ಕುಂದಾಪುರದ ಆಸ್ಪತ್ರೆಯಲ್ಲಿ ಕಣ್ಣಿಗೆ ನೀರು ಬಿಟ್ಟು ಬಿಟ್ಟು ತೊಳೆದರು, ಆಕ್ಸಿಜನ್ ಹಾಕಿದರು. ಬದುಕಿದ. ಕಣ್ಣೂ ಉಳಿಯಿತು.

ಸಂಜೆ ಅವನಿಗೆ ಮಾತಾಡುವಷ್ಟು ಉಸಿರು ಬಂದ ಮೇಲೆ ಮಗಳು ಪೊಲೀಸರ ಹಾಗೆ ಕೇಳಲಿಕ್ಕೆ ಶುರುಮಾಡಿದಳು.

"ಎಲ್ಲಿ ಒಡೆದದ್ ಅಪ್ಪಯ್ಯ?"

"ಕಂಪ್ರೆಸರಿನ ಹಿಂದ್ ಪೈಪಿನ ಜೋಯಿಂಟ್. ಮರದ ತುಂಡ್ ಸಿಕ್ಸಿದ್ದಲ್ಲೆ, ಅಲ್ಲೇ."

"ಮರದ ತುಂಡಾ? ಅದೆಂತಕೆ?"

"ಪೈಪ್ ಅದುರತ್ತಲ್ದಾ? ಹಳೆ ಬಲೆ ಸುತ್ತಿ ಒಂದ್ ತುಂಡ್ ಸಿಕ್ಸಿದ್ರೆ ಒಂಚೂರ್ ಕಡಿಮಿ ಆತ್ತ್. ಮತ್ತೂ ಟಕ್ ಟಕ್ ಅಂತಿತ್ತ್. ಅದ್ ಆ ಮಿಷನಿನ ಗುಣ."

"ನಾನ್ ಪೆಟ್ಟಿಗೆ ಕಟ್ಟುವಾಗ್ಳೂ ಟಕ್ ಟಕ್ ಇದ್ದಿತ್ತಾ?"

"ಇಲ್ದೆ ಎಂತ? ನಿನ್ನ ಅಬ್ಬಿನ ನಾ ಮದುವಿ ಆಪ್ಕ್ ಮೊದ್ಲೇ ಇದ್ದಿತ್ತ್."

"ನಂಗ್ ಎಂತಕೆ ಹೇಳ್ಲಿಲ್ಲ?"

"ನೀ ಕೇಳದ್ದ್ ಮಿಷನ್ ಸಮ ಓಡತ್ತಾ ಅಂದೇಳಿ. ಸಮ ಓಡ್ತಿದ್ದಿತ್ತಲೆ!"

ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. ಪೆಟ್ಟಿಗೆ ಹಾಳಾಗಿರಲಿಲ್ಲ. ಆ ಟಕ್ ಟಕ್ ಸೇರಿಸಿಯೇ ಸರಿಯಾದ ಸದ್ದು ಅಂತ ಕಲಿತಿತ್ತು. ಅಷ್ಟು ದಿನವೂ ಜೋಯಿಂಟು ಬಿರುಕು ಬಿಡುತ್ತಿತ್ತು, ಟಕ್ ಟಕ್ಕಿನ ಅಡಿಯಲ್ಲಿ ಕೊನೆಗೆ ಗ್ಯಾಸ್ ಸೋರುವ ಸಣ್ಣ ಸದ್ದೂ ಅದಕ್ಕೆ ಬೇರೆಯಾಗಿ ಕೇಳಲೇ ಇಲ್ಲ.

"ಯಾರಾದ್ರೂ ರಿಪೇರಿ ಮಾಡಿ ಟಕ್ ಟಕ್ ನಿಲ್ಸಿದ್ರೆ, ಆಗ ಕೂಗ್ತಿದ್ದಿತ್ತ್ ಅಜ್ಜಿ" ಅಂದಳು. ಅತ್ತಳು.

ಇದನ್ನು ಕೇಳಿದ ಮೇಲೆ ನನಗೆ ಪೆಟ್ಟಿಗೆಯ ಮೇಲಿನ ಸಿಟ್ಟು ಹೋಯಿತು. ಹೆದರಿಕೆ ದೊಡ್ಡದಾಯಿತು. ಮನುಷ್ಯನ ತಲೆಯ ಹಾಗೆ ಮಾಡುತ್ತೇವೆ ಅಂದರಲ್ಲ, ಮಾಡಿದ್ದರು! ಕಡಿಮೆ ಕರೆಂಟಿನಲ್ಲಿ ಓಡುವ ಗುಟ್ಟೇ ಅದಿರಬೇಕು, ದಿನಾ ಕೇಳುವುದನ್ನು ಕೇಳದೆ ಇರುವುದು. ನಾಗೇಶನ ತಲೆಯೂ ಆ ಸದ್ದನ್ನು ಬಿಟ್ಟು ಯಾವ ಕಾಲ ಆಯಿತೋ. ನನ್ನದೂ. ಅದೇ ಬಾಗಿಲಲ್ಲಿ ದಿನಾ ನಿಂತವಳು ನಾನು, ನನಗೆ ಒಂದು ದಿನ ಟಕ್ ಟಕ್ ಕೇಳಿದ್ದುಂಟಾ?

ನಿಮ್ಮ ಮನೆಯಲ್ಲಿ ನೋಡಿ. ದಿನಾ ಕುಡಿದು ಬರುವವನಿಗೆ "ಅವನ ಗುಣ" ಅಂತೇವೆ. ಊಟ ಬಿಡುವ ಸೊಸೆಗೆ "ಅವಳು ಹಾಗೆಯೇ" ಅಂತೇವೆ. ಹೈವೇಯಲ್ಲಿ ಸಾಸ್ತಾನದಿಂದ ಬೈಂದೂರಿನವರೆಗೆ ಜನ ಸಾಯುವುದು ಪೇಪರಿನಲ್ಲಿ ದಿನಾ ಬರುತ್ತದೆ, ನಾವು ಪುಟ ಮಗುಚುತ್ತೇವೆ. ಈಗ ಎಲ್ಲ ಕಡೆ ಇಂಥ ಕಲಿಯುವ ಮಿಷನ್ ಇಡುತ್ತಾರಂತೆ, ರಸ್ತೆಗೆ, ಆಸ್ಪತ್ರೆಗೆ, ಬ್ಯಾಂಕಿಗೆ. ಇಡಲಿ. ಕರೆಂಟ್ ಉಳಿಯುವುದು ಒಳ್ಳೆಯದೇ. ಅದಕ್ಕೆ ಕಲಿಸುವವರು ಯಾರು? ನಾವೇ ಅಲ್ಲವೇ?

ಮಾರನೇ ದಿನ ಬೆಳಿಗ್ಗೆ ನಾನು ಯಡ್ತರೆಗೆ ಹೋಗಲಿಲ್ಲ. ಪ್ಲಾಂಟಿಗೆ ಹೋಗಿ ಮಿಷನ್ ಕೋಣೆಯ ಬಾಗಿಲಿಗೆ ಅಡ್ಡ ಕೂತೆ. ನಾಗೇಶನ ಬದಲು ಬಂದ ಆಪರೇಟರ್, ಯಾರದೋ ಮನೆಯ ಮಗ, ನನ್ನನ್ನು ದಾಟಲಾರದೆ ನಿಂತ. ಒಳಗೆ ಜೋಯಿಂಟಿಗೆ ವೆಲ್ಡಿಂಗ್ ಆಗಿತ್ತು. ಮರದ ತುಂಡನ್ನು ಪುನಃ ಅಲ್ಲೇ ಸಿಕ್ಕಿಸಿದ್ದರು. ಆ ಟಕ್ ಟಕ್ ನಿಲ್ಲಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ ಅಂದೆ.

ಮಾಲಕರು ಬಂದರು. ಕೈ ಮುಗಿದರು, ಆಮೇಲೆ ಜೋರು ಮಾಡಿದರು. "ಬೋಟೆಲ್ಲ ಐಸಿಗೆ ಕಾಯ್ತಾ ಇತ್ತ್ ಮುತ್ತಕ್ಕ. ಇಷ್ಟ್ ವರ್ಷ ಅದೇ ಸದ್ದಂಗೆ ಓಡ್ಲಿಲ್ಯಾ?"

"ಹಾಂಗಾರೆ ಇವತ್ತ್ ನೀವೇ ಒಳ್ಗ್ ಹೋಯಿ ಕೂತ್ಕಣಿ, ಕಾಂಬ" ಅಂದೆ.